ಬಾಗಿಲು ತೆಗೆಯದ ನಾಲ್ಕು ದಿನ

ಬೆಟ್ಟದಪುರ
ಬುಧವಾರ

ಅತ್ತೆಯವರಿಗೆ ನಮಸ್ಕಾರ.

ಫೋನಲ್ಲಿ ಹೇಳಕ್ಕೋದ್ರೆ ಸೊಪ್ಪು ಬೇಯಿಸೋ ಬ್ಯಾರನ್ ಮನೆ ಹೆಂಗೈತೆ ಅಂತ ಕೇಳಿ ಇಟ್ಬುಡ್ತೀರ. ಅದಕ್ಕೇ ಬರೀತಿದ್ದೀನಿ. ಪೂರ್ಣಿಮಾ, ನಿಮ್ಮಮ್ಮಂಗೆ ಪೂರ್ತಿ ಓದಿ ಹೇಳವ್ವ. ಮಗು ಅತ್ರೆ ಎತ್ಕೊಂಡೇ ಓದು.

ಹೊಗೆಸೊಪ್ಪು ಚೆನ್ನಾಗಿ ಬೆಂದು ನಿಂಬೆಹಣ್ಣಿನ ಬಣ್ಣ ಬಂದೈತೆ. ನನ್ನ ಕೆಲಸಾನೂ ಗೆದ್ದೈತೆ. ದೇಶದೇಶದ ಕಂಪ್ಯೂಟರುಗಳು ಸೇರಿ ಒಂದೇ ದಾಖಲೆ ಕಾಯ್ತವೆ, ಅದೇ ಬ್ಲಾಕ್‌ಚೈನ್ ಅಂದಿದ್ನಲ್ಲ, ಆ ಗುಂಪಿಗೆ ನಮ್ಮದೂ ಸೇರ್ತು.

ಅದರ ಹಳೇ ದಾಖಲೆ ಪೂರ್ತಿ ನಮ್ಮ ಕಂಪ್ಯೂಟರಿಗೆ ಇಳಿಯೋಗಂಟ ಕಾಯಬೇಕಿತ್ತು. ನಾನು ಅನುಮಾನ ಬಂದಾಗೆಲ್ಲ ಆ ಕಪ್ಪು ಪರದೇಲಿ ಕಮಾಂಡ್ ನಿಲ್ಲಿಸಿ, ಸೆಟ್ಟಿಂಗ್ ತಿದ್ದಿ, ಎಲ್ಲಾ ಅಳಿಸಿ ಮೊದಲಿಂದ ಶುರು ಮಾಡ್ತಿದ್ದೆ. "ಸೊಪ್ಪು ಬೇಯೋವಾಗ ಗಳಿಗೆಗೊಂದ್ಸಲ ಬಾಗ್ಲು ತೆಗೆದ್ರೆ ಹದ ಬತ್ತದೇನವ್ವ" ಅಂದ್ರಿ. ಅವತ್ತು ನಂಗೆ ಸಿಟ್ಟು ಬಂದಿತ್ತು. ನೀವು ಪೂರ್ಣಿಮಾನ ಬಾಣಂತನಕ್ಕೆ ಕೆ.ಆರ್. ನಗರಕ್ಕೆ ಹೋದ್ಮೇಲೆ ನಾಲ್ಕು ದಿನ ಅದನ್ನ ಮುಟ್ಟಲೇ ಇಲ್ಲ. ಇವತ್ತು ಬೆಳಿಗ್ಗೆ ಪೂರ್ತಿ ಇಳಿದಿತ್ತು. ನಾನು ಕುಣಿದ ಸದ್ದಿಗೆ ನಿಮ್ಮ ಮಗ ಬ್ಯಾರನ್ನಿನ ಒಲೆ ಬಿಟ್ಟು ಓಡಿ ಬಂದ್ರು.

ಬರುವಾಗ ಕನ್ನಡಕ ಮರೀಬೇಡಿ. ನಮ್ಮ ಕಂಪ್ಯೂಟರಿಗೆ ಒಂದು ಹೆಸರು ಕೊಡಬೇಕಿತ್ತು, ಕನ್ನಡದಲ್ಲೇ ಸುನಂದಮ್ಮ ಅಂತ ಕೊಟ್ಟೆ. ಸೊಸೆ ಅತ್ತೆ ಹೆಸರು ಹಿಡಿದಳು ಅಂತ ಬೈಯಬೇಡಿ. ರುಜು ಹಾಕಕ್ಕೆ ಕಲಿತ ನಾಲ್ಕಕ್ಷರ ಬಿಟ್ರೆ ಬೇರೇನೂ ಓದಕ್ಕೆ ಬರಲ್ಲ ಅಂತಿದ್ರಲ್ಲ, ಪರದೆ ಮೇಲೆ ಮೊದಲ ಸಾಲೇ ಅದು. ಅದನ್ನ ಯಾರೂ ನಿಮಗೆ ಓದಿ ಹೇಳಬೇಕಾಗಿಲ್ಲ.

ನಿಮ್ಮ ಸೊಸೆ,
ಸೌಂದರ್ಯ