ಕೋಚ್ ಶೂ ಲೇಸ್ ಕಟ್ಟಿಸಿಕೊಂಡರೆಂದು ನಾನು ಕೊಟ್ಟ ದೂರು

ಕ್ರಿಕೆಟ್ ಸಂಸ್ಥೆಯ ಮಾನ್ಯ ಅಧ್ಯಕ್ಷರೇ,

ಹುಡುಗಿಯರ ತಂಡದ ಕೋಚನ್ನು ನೀವು ಮನೆಗೆ ಕಳಿಸಿದ್ದು ನನ್ನ ಮಾತು ಕೇಳಿ. ಆ ಮಾತು ತಪ್ಪಾಗಿತ್ತು. ದೇವರ ಮುಂದೆ ಒಪ್ಪಿಕೊಂಡೆ, ಸಮಾಧಾನವಾಗಲಿಲ್ಲ. ನಾನು ದೂರು ಕೊಟ್ಟಿದ್ದು ದೇವರಿಗಲ್ಲವಲ್ಲ, ನಿಮಗೆ.

ಮೈದಾನದಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೊಂದು ಚಿಲಕ ಹಾಕಿಸಿ ಎಂದು ನಾವು ತಾಯಂದಿರು ಗೋಗರೆದು ವರ್ಷಗಳಾದವು. ಅದಕ್ಕೆ ಕಿವಿಗೊಡದ ತಾವು ನನ್ನ ದೂರಿಗೆ ಮಾತ್ರ ಮರುದಿನವೇ ಎದ್ದು ಕುಳಿತಿರಿ. ಯಾಕೆ ಸ್ವಾಮಿ? ಆ ಕೋಚ್ ನಿಮಗೂ ಬೇಡವಾಗಿದ್ದರೇ? ವಿಚಾರಣೆ ಎಂದರೆ ಎದುರಿನವರನ್ನೂ ಒಂದು ಮಾತು ಕೇಳುವುದು ಎಂಬುದು ಹಳ್ಳಿ ಶಾಲೆಯಲ್ಲಿ ಓದಿದ ನನಗೇ ಗೊತ್ತು.

ದೇಶಕ್ಕೆ ಆಡಿದ ಸೊಕ್ಕಿನಲ್ಲಿ ಕುರ್ಚಿ ಮೇಲೆ ಕೂತು ನಮ್ಮ ಮಕ್ಕಳ ಕೈಲಿ ಶೂ ಲೇಸ್ ಕಟ್ಟಿಸಿಕೊಳ್ಳುತ್ತಾರೆ ಎಂದಿದ್ದೆ. ಕಟ್ಟಿಸಿಕೊಳ್ಳುತ್ತಿದ್ದುದು ನಿಜ, ಸೊಕ್ಕು ನಾನು ಸೇರಿಸಿದ್ದು. ಆಯ್ಕೆ ಸಮಿತಿಯವರು ಬಂದ ದಿನ ನನ್ನ ಮಗಳು ಲೇಸ್ ಕಟ್ಟಿ ಎದ್ದಳು. "ಇವತ್ತು ನಿನ್ನ ಬೌಲಿಂಗ್ ಬೇಡಮ್ಮ" ಎಂದುಬಿಟ್ಟರು ಕೋಚ್. ನೆಟ್ಟಗೆ ನಿಮ್ಮ ಕೋಣೆಗೆ ನುಗ್ಗಿ ಕೂಗಾಡಿದೆ.

ಹೊಸ ಕೋಚ್ ಅವಳ ಕೈಲಿ ಮನಸೋ ಇಚ್ಛೆ ಬೌಲಿಂಗ್ ಮಾಡಿಸಿದರು. ನಾನು ಚಪ್ಪಾಳೆ ತಟ್ಟಿದೆ. ತಿಂಗಳೊಳಗೆ ಅವಳ ಬೆನ್ನುಮೂಳೆ ಬಿರುಕು ಬಿಟ್ಟಿತು. ಈಗ ಅವಳನ್ನು ಮಗ್ಗುಲು ಬದಲಿಸಿ ಮಲಗಿಸುವವಳೂ ನಾನೇ.

ಹಳೆಯ ಕೋಚ್ ಮನೆಗೆ ಹೋದೆ. ಅವರ ಹೆಂಡತಿ ನೆಲದ ಮೇಲೆ ಕೂತು ಅವರ ಲೇಸ್ ಕಟ್ಟುತ್ತಿದ್ದರು. "ಇವ್ರಿಗೆ ಬಗ್ಗೋಕಾಗಲ್ಲಮ್ಮ. ನೋವು ಗೊತ್ತಾಗದ ಹಾಗೆ ಬೆನ್ನಿಗೆ ಸೂಜಿ ಚುಚ್ಚಿಸ್ಕೊಂಡು ದೇಶಕ್ಕೆ ಬೌಲಿಂಗ್ ಮಾಡಿದ್ರು. ಅಷ್ಟಕ್ಕೇ ಆಟ ಮುಗೀತು."

"ನಿಮ್ಮ ಮಗಳು ಅವತ್ತು ಮೊಣಕಾಲಿಗೆ ಕೈ ಊರಿ ಎದ್ಲು ತಾಯಿ. ಅದಕ್ಕೇ ಬೇಡ ಅಂದೆ" ಎಂದರು ಕೋಚ್.

"ನೋವಿದೆಯಾ ಅಂತ ಬಾಯಿಬಿಟ್ಟು ಕೇಳಬಾರದಿತ್ತಾ?"

"ಕೇಳಿದ್ರೆ ಯಾವ ಬೌಲರ್ ತಾನೆ ಹೌದು ಅಂತಾರೆ? ನಾನೂ ಅಂದಿರ್ಲಿಲ್ಲ. ಬಗ್ಗಿ ಏಳೋದನ್ನ ನೋಡಿದ್ರೆ ಗೊತ್ತಾಗುತ್ತೆ. ಜೊತೆಗೆ ನನ್ನ ಲೇಸೂ ಪುಕ್ಕಟೆ ಕಟ್ಟಿದ ಹಾಗಾಯ್ತು!"

ಅವರು ನಕ್ಕರು. ಬೈದಿದ್ದರೆ ಹಗುರವಾಗುತ್ತಿದ್ದೆ.

ಅಧ್ಯಕ್ಷರೇ, ಇವತ್ತೂ ಹುಡುಗಿಯರು ಓಡಿಬಂದು ಚೆಂಡೆಸೆಯುತ್ತಿದ್ದಾರೆ. ಯಾರ ಬೆನ್ನಲ್ಲಿ ಏನಿದೆಯೋ, ನೋಡುವವರಿಲ್ಲ. ಹಳೆಯ ಕೋಚನ್ನು ಮರಳಿ ಕರೆಸಿ. ತೆಗೆಯಲು ಒಂದು ದಿನ ಸಾಕಾಗಿತ್ತು. ಕರೆಸಲು ಬೇಕಾದರೆ ಎರಡು ದಿನ ತೆಗೆದುಕೊಳ್ಳಿ. ಸಂಸ್ಥೆಯ ಮರ್ಯಾದೆ ಹೋಗುತ್ತದೆಂಬ ಅಂಜಿಕೆಯಿದ್ದರೆ, ತಪ್ಪೆಲ್ಲ ಆ ಹೆಂಗಸಿನದು ಎಂದು ಸಾರಿಬಿಡಿ. ಅರ್ಧವಾದರೂ ನಿಜ ಹೇಳಿದಂತಾಗುತ್ತದೆ.

ಇಂತಿ,
ತಾವು ಪತ್ರಿಕೆಯವರಿಗೆ 'ನೊಂದ ತಾಯಿ' ಎಂದು ಪರಿಚಯಿಸಿದ,
ಮಗಳ ಬೆನ್ನು ಮುರಿದವಳು