ಹುಲಿಗೆಪ್ಪನಿಗೆ ಹೇಳದೆ ಉಳಿದ ಮಾತು

ಹೊಳೆಲೆಕ್ಕ 88, ಎರಡನೆಯ ಮಳೆತಿಂಗಳ ಸಂತೆದಿನ
(ನಿಮ್ಮ ಲೆಕ್ಕದಲ್ಲಿ 2219ನೇ ಇಸವಿ)

ಪ್ರೊಫೆಸರ್ ವಿಶಾಲಾಕ್ಷಿ ಮುದಗಲ್ ಅವರಿಗೆ ನಮಸ್ಕಾರಗಳು.

ಈ ತಾರೀಖು ನೋಡಿ, ನಿಮ್ಮ ವಿದ್ಯಾರ್ಥಿ ಯಾರೋ ತಮಾಷೆ ಮಾಡಿದ್ದಾನೆ ಎಂದುಕೊಳ್ಳಬೇಡಿ. ನೀವು ಪಾಠ ಮಾಡುತ್ತಿರುವ ಕಾಲೇಜಿನಲ್ಲೇ, ಸುಮಾರು ಇನ್ನೂರು ವರ್ಷ ಆಚೆ ಕೂತು ಬರೆಯುತ್ತಿದ್ದೇನೆ. ನಾನೂ ನಿಮ್ಮಂತೆ ಪ್ರಾಣಿಶಾಸ್ತ್ರದ ಅಧ್ಯಾಪಕಿ. ನನ್ನ ಕನ್ನಡದಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ನುಸುಳಿದರೆ ಕ್ಷಮಿಸಿ. ನಿಮ್ಮ ಇಂಗ್ಲಿಷ್ ಪ್ರಬಂಧ ಓದುವಾಗ ನಾನು ಪಟ್ಟ ಪಾಡಿನ ಮುಂದೆ ಅದೇನೂ ದೊಡ್ಡದಲ್ಲ.

ನಮ್ಮಲ್ಲಿ ಸಂಶೋಧನೆ ಮುಗಿಯಿತು ಎನ್ನಲು ಬರೆದು ಅಚ್ಚು ಹಾಕಿಸಿದರೆ ಸಾಲದು. ಸಂತೆಯ ದಿನ ಬೇವಿನ ಮರದ ಕಟ್ಟೆಗೆ ಹೋಗಿ, ಬಂದ ಜನರಿಗೆ ಅದನ್ನು ಹೇಳಬೇಕು. ಇದಕ್ಕೆ ಕಟ್ಟೆಪಾಠ ಎನ್ನುತ್ತೇವೆ. ಕೇಳಿದವರಲ್ಲಿ ಒಬ್ಬರಾದರೂ ಎದ್ದು ನಿಂತು, ತಿಳಿದದ್ದನ್ನು ತಮ್ಮದೇ ಮಾತಿನಲ್ಲಿ ನಮಗೆ ತಿರುಗಿ ಹೇಳಬೇಕು. ಅದು ಮರುಮಾತು. ಮರುಮಾತು ಸಿಗದವರಿಗೆ ಪದವಿಯಿಲ್ಲ. ಹೊಳೆಯ ಬಸವನಹುಳುಗಳ ಮೇಲೆ ಒಂಬತ್ತು ವರ್ಷ ದುಡಿದ ನಾನು ಎರಡು ಸಲ ಸೋತೆ. ಸೊಪ್ಪು ಮಾರುವ ರೇಣವ್ವ ಕೊನೆವರೆಗೂ ಕೂತು ಕೇಳಿ, "ಭಾಳ ಚಲೋ ಮಾತಾಡ್ದಿ ತಂಗಿ, ತಲಿಗೆ ಮಾತ್ರ ಒಂದೂ ಹತ್ತಲಿಲ್ಲ" ಎಂದು ಬುಟ್ಟಿ ಎತ್ತಿಕೊಂಡು ಹೋದಳು. ನನಗೆ ಅಳುವೇ ಬಂತು. ಮೂರನೆಯ ಸಲ ಹುಳುಗಳನ್ನೇ ಬೋಗುಣಿಯಲ್ಲಿ ಒಯ್ದೆ. ಆಗ ಎದ್ದು ನಿಂತವಳೂ ರೇಣವ್ವನೇ. ಮರುಮಾತು ಹೇಳುತ್ತಾ ನನ್ನದೊಂದು ತಪ್ಪನ್ನೂ ತಿದ್ದಿದಳು.

ಈಗ ನಿಮ್ಮ ನೀರುನಾಯಿಗಳ ವಿಷಯ. ತುಂಗಭದ್ರೆಯ ನಮ್ಮ ದಂಡೆಯಲ್ಲಿ ಅವು ಇಲ್ಲ. ನಾನು ಒಂದನ್ನೂ ನೋಡಿಲ್ಲ. ಅವು ಮುಂಗಾಲಿನಲ್ಲಿ ಮೀನು ಹಿಡಿದು ತಿನ್ನುವುದು, ಶಿಳ್ಳೆ ಹಾಕಿ ಮರಿಗಳನ್ನು ಕರೆಯುವುದು, ಎಲ್ಲವನ್ನೂ ನಿಮ್ಮ ಬರಹದಿಂದಲೇ ತಿಳಿದೆ. ಆ ಶಿಳ್ಳೆ ಎಷ್ಟು ಕ್ಷಣ ಇರುತ್ತದೆಂದು ನೀವು ಅಳೆದು ಬರೆದಿದ್ದೀರಿ. ನೀವು ಮಾಡಿದ ಧ್ವನಿಮುದ್ರಣ ಈಗಿನ ಯಾವ ಯಂತ್ರದಲ್ಲೂ ತೆರೆಯುವುದಿಲ್ಲ. ಅಳತೆಯೆಲ್ಲ ನನಗೆ ಬಾಯಿಪಾಠವಾಗಿದೆ, ಸದ್ದು ಮಾತ್ರ ಗೊತ್ತಿಲ್ಲ. ಎಷ್ಟೋ ಬೆಳಗ್ಗೆ ದಂಡೆಯಲ್ಲಿ ಕೂತು, ಹೀಗಿತ್ತೇನೋ, ಅಲ್ಲ ಹೀಗಿತ್ತೇನೋ ಎಂದು ನಾನೇ ಶಿಳ್ಳೆ ಹಾಕಿ ನೋಡುತ್ತೇನೆ. ಮೀನು ಹಿಡಿಯುವವರು ನಗುತ್ತಾರೆ. ನಗಲಿ. ಆ ಕಡೆಯಿಂದ ಒಂದೇ ಒಂದು ಸಲ ಉತ್ತರ ಬಂದರೆ ಸಾಕು ಅನ್ನಿಸುತ್ತದೆ.

ನಿಮ್ಮ ಟಿಪ್ಪಣಿ ಪುಸ್ತಕ ನಮ್ಮ ಗ್ರಂಥಾಲಯದಲ್ಲಿದೆ. ನಿಮ್ಮ ಕೈಯಲ್ಲಿರುವ ಅದೇ ಪುಸ್ತಕದಲ್ಲಿ ಫೆಬ್ರವರಿ ಒಂಬತ್ತರ ಪುಟ ತೆರೆಯಿರಿ. ಅಂಬಿಗರ ಹುಲಿಗೆಪ್ಪ ಮೂರು ವರ್ಷ ನಿಮ್ಮನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಬಿಲಗಳನ್ನು ತೋರಿಸಿದವನು. ಅಂದು ಅವನು ಕೇಳಿದ್ದನ್ನು ನೀವೇ ಬರೆದಿದ್ದೀರಿ: "ಮೇಡಂರೀ, ಇಷ್ಟ್ ದಿನ ನೋಡೀರಿ, ಏನ್ ಗೊತ್ತಾತು ನನಗೂ ಒಂದೀಟ ಹೇಳ್ರಲ್ಲ." ಅದರ ಪಕ್ಕದಲ್ಲಿ ನಿಮ್ಮ ಅಕ್ಷರದಲ್ಲಿ ಒಂದೇ ಪದವಿದೆ: ಆಮೇಲೆ.

ಮುಂದಿನದು ನಿಮಗಿನ್ನೂ ನಡೆದಿಲ್ಲ. ಬಿಲಗಳು ಎಷ್ಟೇ ಇದ್ದರೂ ತಾಯಿ ನೀರುನಾಯಿಗಳು ಮರಿ ಹಾಕುವುದು ಗುಂಡಗಲ್ಲಿನ ಪಕ್ಕದ ಜೊಂಡಿನ ದಂಡೆಯಲ್ಲಿ ಮಾತ್ರ ಎಂದು ನೀವು ಕಂಡುಕೊಂಡಿದ್ದೀರಿ. ಅದು ಇಂಗ್ಲಿಷಿನಲ್ಲಿ ಅಚ್ಚಾಗುತ್ತದೆ. ಕೊನೆಯ ಪುಟದಲ್ಲಿ ಹುಲಿಗೆಪ್ಪನಿಗೆ ಕೃತಜ್ಞತೆಯನ್ನೂ ಹೇಳುತ್ತೀರಿ, ಓದಲು ಬಾರದವನಿಗೆ. ಎರಡು ವರ್ಷದ ಮೇಲೆ ಊರಿನವರು ಹರಿಗೋಲು ನಿಲ್ಲಿಸಲು ಜಾಗ ಕೇಳಿದಾಗ, ಬೇರೆ ಕಡೆ ಬಿಲಗಳು ಬೇಕಾದಷ್ಟಿವೆ ಎಂದು ಅವನೇ ಆ ದಂಡೆಯನ್ನು ತೋರಿಸುತ್ತಾನೆ. ತನ್ನ ಕೈಯಿಂದಲೇ ಜೊಂಡು ಕೊಯ್ಯುತ್ತಾನೆ. ಮರುವರ್ಷ ಒಂದು ಮರಿಯೂ ಕಾಣುವುದಿಲ್ಲ. ಆಮೇಲೆ ನೀವು ಓಡಿಬಂದು ಅವನಿಗೆ ಎಲ್ಲವನ್ನೂ ಹೇಳುತ್ತೀರಿ. ಅವನು ಕೇಳಿ, ತಿಳಿದದ್ದನ್ನು ತನ್ನ ಮಾತಿನಲ್ಲಿ ನಿಮಗೇ ತಿರುಗಿ ಹೇಳಿದಾಗ ನೀವು ಅತ್ತಿರಂತೆ. ಕಟ್ಟೆಪಾಠವನ್ನು ನೀವು ಶುರುಮಾಡಿದ್ದು ಅದರ ನಂತರವೇ.

ಇದೆಲ್ಲ ನನಗೆ ಗೊತ್ತಿರುವುದು ಪುಸ್ತಕದಿಂದಲ್ಲ. ಹುಲಿಗೆಪ್ಪ ನಮ್ಮ ಮನೆಯ ಹಿರಿಯ, ಅವನಿಂದ ನಾನು ಆರನೆಯ ತಲೆಮಾರು. "ಯಾರರ ಒಂದ್ ಮಾತ್ ಹೇಳಿದ್ರ ನಾ ಕುಡಗೋಲ ಹಚ್ಚತಿರಲಿಲ್ಲ" ಎಂದು ಸಾಯುವವರೆಗೂ ಅನ್ನುತ್ತಿದ್ದನಂತೆ. ನಮ್ಮ ಮನೆಯಲ್ಲಿ ಆ ಮಾತು ಉಳಿದಿದೆ. ನೀರುನಾಯಿಯಂತೆಯೇ ಶಿಳ್ಳೆ ಹಾಕಲು ಅವನಿಗೆ ಬರುತ್ತಿತ್ತಂತೆ. ಆ ಬೇಸರದಲ್ಲಿ ಮತ್ತೆಂದೂ ಹಾಕಲಿಲ್ಲವಾದ್ದರಿಂದ ಶಿಳ್ಳೆ ಉಳಿದಿಲ್ಲ.

ನೀವು ಇಂದೇ ಅವನಿಗೆ ಹೇಳಿಬಿಟ್ಟರೆ ನಮ್ಮ ಕಟ್ಟೆಪಾಠ ಹುಟ್ಟದೇ ಹೋಗಬಹುದು. ನನ್ನ ಪದವಿಯೂ, ನನಗೆ ಇಷ್ಟವಾದ ರೇಣವ್ವನ ಆ ಮರುಮಾತೂ ಇಲ್ಲವಾಗಬಹುದು. ಯೋಚಿಸಿಯೇ ಬರೆಯುತ್ತಿದ್ದೇನೆ. ಹೋದರೆ ಹೋಗಲಿ. ಹೇಳಿದ ಮೇಲೆ, ನೀರುನಾಯಿ ಹೇಗೆ ಶಿಳ್ಳೆ ಹಾಕುತ್ತದೆಂದು ಅವನನ್ನು ಕೇಳಿ. ಮನೆಗೆ ಹೋಗಿ ತನ್ನ ಮಕ್ಕಳಿಗೂ ಅದನ್ನು ಕಲಿಸಲು ಅವನಿಗೆ ಹೇಳಿ.

ನಿಮ್ಮಲ್ಲಿ ಇವತ್ತು ಫೆಬ್ರವರಿ ಒಂಬತ್ತು. ಅವನಿನ್ನೂ ದಂಡೆಯಲ್ಲಿ ಹರಿಗೋಲು ಕಟ್ಟುತ್ತಿರಬೇಕು. ಪುಸ್ತಕ ಮುಚ್ಚಿಟ್ಟು ಇಳಿದು ಹೋಗಿ, ಮೇಡಂ.

ಇಂತಿ,
ತುಂಗವ್ವ ಅಂಬಿಗೇರ