ಗಾಯಗಳು: ಇಲ್ಲ

ಹಾಲ್ವರ್ ಕೌಂಟಿ, ನಾರ್ತ್ ಡಕೋಟಾ
ಮಾರ್ಚ್ 11, 2019

ಲೀಲಂಡ್‌ಗೆ,

‘ಪ್ರೀತಿಯ’ ಎಂದು ಎರಡು ಸಲ ಬರೆದೆ, ಎರಡು ಸಲವೂ ಹೊಡೆದುಹಾಕಿದೆ. ಹಾಳೆ ಗಲೀಜಾದದ್ದೇ ಬಂತು. ಬರೀ ಹೆಸರೇ ಸಾಕು.

ಅರಿಜೋನಾದ ಬಿಸಿಲು ನಿನ್ನ ಮಂಡಿಗೆ ಒಗ್ಗಿದೆ ಎಂದು ನಿನ್ನ ತಂಗಿ ಹೇಳಿದಳು. ಇಲ್ಲಿ ಇನ್ನೂ ಕಿಟಕಿಯವರೆಗೆ ಹಿಮ ನಿಂತಿದೆ. ಹೆದರಬೇಡ, ಇದು ವಿಚ್ಛೇದನದ ಕಾಗದ ಅಲ್ಲ. ನೀನು ಬಿಟ್ಟುಹೋಗಿ ಎರಡು ವರ್ಷವಾಯಿತು, ಅದಕ್ಕಾಗಿ ಅಳುವುದನ್ನು ನಾನು ಬಿಟ್ಟು ಒಂದೂವರೆ ವರ್ಷವಾಯಿತು. ಇದು ಕಚೇರಿಯ ಮಾತು, ಒಬ್ಬ ಮನುಷ್ಯನ ಕಾಲಿನ ಮಾತು. ಕೊನೆಯವರೆಗೆ ಓದು.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಕೋರ್ಟು ಕಟ್ಟಡದ ನೆಲಮಾಳಿಗೆಯಲ್ಲಿ ಕೂತು ಮಾಜಿ ಸೈನಿಕರ ಅರ್ಜಿ ತುಂಬುವುದು. ಕಿವಿ ಹೋದವನು, ಬೆನ್ನು ಹೋದವನು, ನಿದ್ದೆ ಹೋದವನು ಎಲ್ಲರೂ ಬರುತ್ತಾರೆ. ಆ ನೋವು ಸೇವೆಯಲ್ಲಿದ್ದಾಗಲೇ ಬಂದದ್ದು ಎಂದು ಇಲಾಖೆಯನ್ನು ಒಪ್ಪಿಸುವುದು ನನ್ನ ಪಾಡು. ನೀನು ಇದನ್ನು ಅಳುಬುರುಕರ ಅಂಗಡಿ ಅನ್ನುತ್ತಿದ್ದೆ. ಹದಿನಾಲ್ಕು ವರ್ಷ ಈ ಅಂಗಡಿ ನಡೆಸಿದವಳು ಹೇಳುತ್ತೇನೆ, ಇಲ್ಲಿಗೆ ಬರುವ ಒಬ್ಬನಿಗೂ ಅಳಲು ಬರುವುದಿಲ್ಲ. ಬಂದಿದ್ದರೆ ನನ್ನ ಕೆಲಸ ಅರ್ಧಕ್ಕರ್ಧ ಕಡಿಮೆಯಾಗುತ್ತಿತ್ತು.

ಹೋದ ವರ್ಷ ಏಪ್ರಿಲ್‌ನಲ್ಲಿ ಮೈರನ್ ಬೆರ್ಗೆ ಎಂಬವನು ಬಂದ. ಪಕ್ಕದ ಕೌಂಟಿಯವನು, ಮದುವೆಯಾಗಿಲ್ಲ, ಈಗ ಇಲ್ಲಿ ಅಕ್ಕನ ಮನೆಯಲ್ಲಿದ್ದಾನೆ. ಕೂತುಕೊಳ್ಳಿ ಎಂದರೆ ಕುರ್ಚಿಯ ಬೆನ್ನು ಹಿಡಿದು ನಿಂತ. ಧಾನ್ಯದ ಗೋದಾಮಿನಲ್ಲಿ ಇಪ್ಪತ್ತು ವರ್ಷ ದುಡಿದವನು, ಬೆನ್ನು ಕೈಕೊಟ್ಟ ಮೇಲೆ ಕೆಲಸ ಹೋಗಿದೆ, ಕೆಲಸದ ಜೊತೆ ವಿಮೆಯೂ ಹೋಗಿದೆ. ಬಲಗಾಲು ಮಂಡಿಯಿಂದ ಕೆಳಗೆ ಮರಗಟ್ಟುತ್ತಿದೆ. ಬೆನ್ನುಹುರಿಯ ಆಪರೇಷನ್ ಬೇಗ ಆಗದಿದ್ದರೆ ಕಾಲು ಪೂರ್ತಿ ಹೋಗುತ್ತದೆ ಎಂದು ಊರಿನ ಡಾಕ್ಟರು ಬರೆದುಕೊಟ್ಟಿದ್ದಾರೆ. ಆಪರೇಷನ್ ಮಾಡಿಸುವ ದಾರಿ ಮಾಜಿ ಸೈನಿಕರ ಆಸ್ಪತ್ರೆಯೊಂದೇ.

ಆದರೆ ಅವನು ನಿನ್ನ ಹಾಗೆಯೇ ನ್ಯಾಷನಲ್ ಗಾರ್ಡ್‌ನವನು. ತಿಂಗಳಿಗೊಂದು ಶನಿವಾರ ಭಾನುವಾರ, ಬೇಸಿಗೆಯಲ್ಲಿ ಎರಡು ವಾರದ ಶಿಬಿರ, ಉಳಿದ ದಿನ ಹೊಲ. ಯುದ್ಧಕ್ಕೆ ಕಳಿಸಲಿಲ್ಲ. ಅಂಥವನಿಗೆ ಶಿಬಿರದಲ್ಲೇ ಪೆಟ್ಟಾಯಿತು ಎಂದು ಸಾಬೀತಾದರೆ ಮಾತ್ರ ಕಾನೂನು ಅವನನ್ನು ಮಾಜಿ ಸೈನಿಕ ಎನ್ನುತ್ತದೆ. ಸಾಬೀತಾಗದಿದ್ದರೆ ಹನ್ನೊಂದು ವರ್ಷ ಸಮವಸ್ತ್ರ ಹಾಕಿದ್ದೂ ಲೆಕ್ಕಕ್ಕಿಲ್ಲ, ಆಸ್ಪತ್ರೆಯ ಬಾಗಿಲೂ ತೆರೆಯುವುದಿಲ್ಲ.

ಜೂನ್‌ನಲ್ಲಿ ಇಲಾಖೆಯ ಪರವಾಗಿ ಗುತ್ತಿಗೆಯ ಡಾಕ್ಟರೊಬ್ಬಳು ಅವನನ್ನು ಪರೀಕ್ಷೆ ಮಾಡಿದಳು. ಹಿಂದಿನ ದಿನ ನಾನು ಅವನನ್ನು ಕರೆದು ಬುದ್ಧಿ ಹೇಳಿದ್ದೆ: ನಿಮ್ಮ ಅತಿ ಕೆಟ್ಟ ದಿನ ಹೇಗಿರುತ್ತೀರೋ ಹಾಗೇ ಹೋಗಿ, ಗಡ್ಡ ಬೋಳಿಸಬೇಡಿ, ಶೂ ಲೇಸು ಕಟ್ಟಲಾಗದಿದ್ದರೆ ಬಿಚ್ಚೇ ಇರಲಿ. ಅವನಿಗೆ ನನ್ನ ಮೇಲೆ ಬೇಜಾರಾಯಿತು. “ಕೊಳಕಾಗಿ ಹೋಗೋದು ಹೇಗೆ ಮೇಡಂ? ಅವ್ರು ಡಾಕ್ಟ್ರಲ್ವಾ?” ಅಂದ. ಗಂಡಸರಿಗೆ ಹೀಗೆ ಗಡ್ಡ ಬಿಡಿಸಿ, ಕುಂಟಿಸಿ ತೋರಿಸಬೇಕಾದ ಈ ಕೆಲಸ ನನಗೆ ಹೇಸಿಗೆ ಹುಟ್ಟಿಸುತ್ತದೆ, ಲೀಲಂಡ್. ಅವರು ಸುಳ್ಳು ಹೇಳುತ್ತಾರೆ ಎಂದಲ್ಲ. ನಿಜವನ್ನು ನಿಜದಂತೆ ತೋರಿಸಲು ಹೇಳಿಕೊಡಬೇಕಲ್ಲ ಎಂದು.

ಮೈರನ್ ನುಣ್ಣಗೆ ಗಡ್ಡ ಬೋಳಿಸಿ, ಇಸ್ತ್ರಿಯ ಅಂಗಿ ಹಾಕಿ, ಬೂಟಿಗೆ ಪಾಲಿಶ್ ಹಚ್ಚಿಕೊಂಡೇ ಹೋದ. ಬೂಟಿಗೆ ಪಾಲಿಶ್ ಹಚ್ಚಲು ಅವನಿಗೆ ಮುಕ್ಕಾಲು ಗಂಟೆ ಹಿಡಿಯಿತಂತೆ, ಅವನ ಅಕ್ಕ ಹೇಳಿದಳು. ಡಾಕ್ಟರು ಒಳಗೆ ಬಂದ ಕೂಡಲೇ ಎದ್ದು ನಿಂತ. ಹೇಗಿದ್ದೀರಿ ಎಂದು ಕೇಳಿದ್ದಕ್ಕೆ “ಪರವಾಗಿಲ್ಲ ಮೇಡಂ, ನೀವು?” ಅಂದ. ಬಗ್ಗಿ, ನೋವಾದಲ್ಲಿ ನಿಲ್ಲಿಸಿ ಎಂದಳು. ಮೊದಲ ಮಾತನ್ನು ಆಜ್ಞೆ ಎಂದುಕೊಂಡು ಎರಡನೆಯದನ್ನು ಬಿಟ್ಟೇಬಿಟ್ಟ, ನೆಲ ಮುಟ್ಟಿ ಎದ್ದ. ಆಮೇಲೆ ಪಾರ್ಕಿಂಗ್‌ನಲ್ಲಿ ತನ್ನ ಪಿಕಪ್ ಗಾಡಿಯ ಹಿಂಭಾಗದಲ್ಲಿ ಒಂದು ಗಂಟೆ ಅಂಗಾತ ಮಲಗಿದ್ದ. ವರದಿಯಲ್ಲಿ ಅದು ಬರಲಿಲ್ಲ. ಬಂದದ್ದು ಇಷ್ಟು: ಅಚ್ಚುಕಟ್ಟಾದ ಉಡುಪು, ಸಹಾಯವಿಲ್ಲದೆ ಎದ್ದು ನಿಂತರು, ಪೂರ್ತಿ ಬಗ್ಗಬಲ್ಲರು, ತಮಗೆ ತೊಂದರೆಯಿಲ್ಲ ಎನ್ನುತ್ತಾರೆ.

ಆಗಸ್ಟ್‌ನಲ್ಲಿ ತಿರಸ್ಕಾರದ ಪತ್ರ ಬಂತು. ಮೊದಲ ಸಾಲಿನಲ್ಲೇ ‘ನಿಮ್ಮ ಸೇವೆಗೆ ಧನ್ಯವಾದಗಳು’. ಎರಡನೇ ಪುಟದಲ್ಲಿ, ಶಿಬಿರದಲ್ಲಿ ಇವರಿಗೆ ಪೆಟ್ಟಾದ ಬಗ್ಗೆ ಯಾವ ದಾಖಲೆಯೂ ಇಲ್ಲ ಎಂದು. ಹೊಡೆಯುವವನು ಹೊಡೆದು ಸುಮ್ಮನಾಗಬೇಕು, ತಲೆ ಸವರಬಾರದು.

ಮೇಲ್ಮನವಿ ಹಾಕೋಣ, ಆದರೆ ಅವತ್ತು ಏನಾಯಿತು ಅನ್ನುವುದನ್ನು ಒಂದೂ ಬಿಡದೆ ಹೇಳಿ ಎಂದು ಮೈರನ್‌ನನ್ನು ಹಿಡಿದು ಕೂರಿಸಿದೆ, ಅಂದರೆ ನಿಲ್ಲಿಸಿದೆ. ಒಂದು ಮಧ್ಯಾಹ್ನ ಪೂರ್ತಿ ಬೇಕಾಯಿತು. 1991ರ ಆಗಸ್ಟ್, ಶಿಬಿರದ ಎರಡನೇ ವಾರ. ಮಳೆ ಬಂದು ನೆಲ ಕೆಸರಾಗಿತ್ತು. ಆರು ಜನ ಸೇರಿ ಸೇತುವೆಯ ಉಕ್ಕಿನ ಚೌಕಟ್ಟು ಹೊತ್ತಿದ್ದರು. ಯಾರದೋ ಕಾಲು ಜಾರಿತು, ಚೌಕಟ್ಟು ಅವನ ಬೆನ್ನ ಮೇಲೆ ಬಿತ್ತು. ಆಮೇಲೆ ಅವನು ಹೇಳಿದ್ದನ್ನು ಅವನ ಮಾತಲ್ಲೇ ಬರೆಯುತ್ತೇನೆ: “ಬಾಯ್ತುಂಬ ಕೆಸರು, ಮೇಡಂ. ಎಲ್ರೂ ಗಾಬ್ರಿಯಾಗಿ ನಿಂತಿದ್ರು. ಏನಾದ್ರೂ ಒಂದು ಅನ್ಬೇಕಲ್ಲ ಅಂತ, ಸಾರ್ಜೆಂಟ್, ಇವತ್ತು ಊಟಕ್ಕೇನು ಅಂದೆ. ಎಲ್ರೂ ನಕ್ಬಿಟ್ರು.”

ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು.

ಯಾಕೆಂದು ನಿನಗೆ ಹೇಳಬೇಕಾಗಿಲ್ಲ. ಜುಲೈ ನಾಲ್ಕರ ಊಟದಲ್ಲಿ, ನಿನ್ನ ತಮ್ಮನ ಮದುವೆಯಲ್ಲಿ, ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುತ್ತಾ, ಇಪ್ಪತ್ತು ವರ್ಷ ನಿನ್ನ ಬಾಯಲ್ಲಿ ಕೇಳಿದ ಕಥೆ ಅದು. ನಿಮ್ಮ ತುಕಡಿಯ ಕಡ್ಡಿಪೈಲ್ವಾನನ ಕಥೆ. ಉಕ್ಕಿನ ಅಡಿ ಬಿದ್ದುಕೊಂಡು ಊಟಕ್ಕೇನು ಎಂದು ಕೇಳಿದ, ಆಮೇಲೆ ಎದ್ದು ಮೈ ಕೊಡವಿಕೊಂಡು ಹೋಗಿ ಎರಡು ತಟ್ಟೆ ಬಾರಿಸಿದ ಅನ್ನುತ್ತಿದ್ದೆ. ಅವನ ನಿಜವಾದ ಹೆಸರು ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಲೂಗಡ್ಡೆ ಸಲಾಡು ಬಡಿಸುತ್ತಾ ನಾನು ಪ್ರತಿ ಸಲವೂ ನಕ್ಕಿದ್ದೇನೆ. ಮುಂದೇನು ಬರುತ್ತದೆಂದು ಗೊತ್ತಿದ್ದೂ ನಕ್ಕಿದ್ದೇನೆ. ಈಗ ಆ ಕಥೆಯ ಮನುಷ್ಯ ಕುರ್ಚಿ ಹಿಡಿದುಕೊಂಡು ನನ್ನೆದುರಿಗೆ ನಿಂತಿದ್ದ, ಮತ್ತು ಅವನು ನಗುತ್ತಿರಲಿಲ್ಲ.

ಆ ಸಾರ್ಜೆಂಟ್ ಯಾರು ಎಂದು ಕೇಳಿದೆ. ಹೇಳಲಿಲ್ಲ. “ಬಿಡಿ ಮೇಡಂ, ಅದೆಲ್ಲ ಹಳೇದು” ಅಂದ. ವೈದ್ಯರ ಡೇರೆಗೆ ಯಾಕೆ ಹೋಗಲಿಲ್ಲ ಎಂದು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟ. ಶಿಬಿರ ಮುಗಿಯುವವರೆಗೆ ಒಬ್ಬನಿಗೂ ಗಾಯವಾಗದ ಕಂಪನಿಯನ್ನು ಒಂದು ದಿನ ಮೊದಲೇ ಮನೆಗೆ ಬಿಡುತ್ತಿದ್ದರು. ಎಲ್ಲರ ಹೊಲದಲ್ಲೂ ಗೋಧಿ ಮಾಗಿ ನಿಂತಿತ್ತು, ಆಲಿಕಲ್ಲು ಬೀಳುವ ಸೂಚನೆ ಬೇರೆ. “ನೂರಿಪ್ಪತ್ತು ಜನರ ಗೋಧಿ, ಮೇಡಂ. ನಾನೊಬ್ಬ ಬೆನ್ನು ನೋವು ಅಂತ ಹೋಗಿ ಎಲ್ರಿಗೂ ಕಲ್ಲು ಹಾಕ್ಲಾ?” ಅಂದ. ಆ ಒಂದು ದಿನಕ್ಕಾಗಿ ನೀವೆಲ್ಲ ಸೇರಿ ಅವನ ಬೆನ್ನನ್ನು ಮುಚ್ಚಿಹಾಕಿದಿರಿ. ಮುಚ್ಚುವುದಕ್ಕೆ ಅವನೂ ಕೈ ಸೇರಿಸಿದ.

ಅಕ್ಟೋಬರ್‌ನಲ್ಲಿ ರಾಜ್ಯದ ದಾಖಲೆ ಸಂಗ್ರಹದಿಂದ ಆ ದಿನದ ವರದಿ ತರಿಸಿದೆ. ಕಾರ್ಬನ್ ಪ್ರತಿ, ಅರ್ಧ ಮಾಸಿದೆ. ಕೆಲಸ: ಸೇತುವೆ ಜೋಡಣೆ. ಹವೆ: ಮಳೆ. ಗಾಯಗಳು: ಇಲ್ಲ. ಕೆಳಗೆ, ಸಾರ್ಜೆಂಟ್ ಎಂದಿರುವ ಜಾಗದಲ್ಲಿ, ನಿನ್ನ ಸಹಿ. ಇಪ್ಪತ್ತಾರು ವರ್ಷ ಫ್ರಿಜ್ ಮೇಲಿನ ಚೀಟಿಗಳಲ್ಲಿ ನೋಡಿದ ಅಕ್ಷರ ಮಾಸಿದ್ದರೂ ನನಗೆ ಗುರುತು ಸಿಗುತ್ತದೆ.

ಅವತ್ತೇ ನಿನಗೆ ಬರೆಯಬೇಕಿತ್ತು. ಬರೆಯಲಿಲ್ಲ. ಆ ಹಾಳೆಯನ್ನು ಮೇಜಿನ ಕೆಳಗಿನ ಡ್ರಾಯರಿಗೆ ಹಾಕಿ ಐದು ತಿಂಗಳು ಅದರ ಮೇಲೆ ಕೂತೆ. ಬೇರೆ ಸಾಕ್ಷಿ ಸಿಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ಚೌಕಟ್ಟು ಹೊತ್ತವರಲ್ಲಿ ಇಬ್ಬರು ತೀರಿಕೊಂಡಿದ್ದಾರೆ, ಒಬ್ಬನಿಗೆ ಮರೆವಿನ ಕಾಯಿಲೆ, ಉಳಿದಿಬ್ಬರು ನೆನಪಿಲ್ಲ ಎನ್ನುತ್ತಾರೆ. ನಿಜ ಹೇಳಬೇಕೆಂದರೆ ನಿನಗೆ ಮೊದಲು ಕಾಗದ ಬರೆಯುವವಳು ನಾನಾಗಬಾರದು ಎಂಬ ಹಟ ನನಗಿತ್ತು. ಗಂಡನ ಮೇಲಿನ ಹಟಕ್ಕೆ ಇನ್ನೊಬ್ಬನ ಕಾಲು ತೆತ್ತೆ. ಇಲಾಖೆಯನ್ನೂ ಆ ಡಾಕ್ಟರನ್ನೂ ನಿನ್ನನ್ನೂ ಬೈದು ಮುಗಿಸಿದ ಮೇಲೆ ಉಳಿಯುವ ಅಸಹ್ಯ ನನ್ನ ಮೇಲಿನದು.

ಹೋದ ಗುರುವಾರ ಮೈರನ್ ನನ್ನ ಕಚೇರಿಯ ಮೆಟ್ಟಿಲಲ್ಲಿ ಬಿದ್ದ. ಬಲಗಾಲು ಮೆಟ್ಟಿಲ ಮೇಲಿದೆಯೋ ಇಲ್ಲವೋ ಅವನಿಗೆ ಗೊತ್ತೇ ಆಗಲಿಲ್ಲ. ನಾನೂ ತೆರಿಗೆ ವಿಭಾಗದವಳೂ ಸೇರಿ ಎತ್ತಿದೆವು. ಹಣೆಯಿಂದ ರಕ್ತ ಬರುತ್ತಿತ್ತು, ಅವನು ಒದ್ದೆಯಾದ ಮೆಟ್ಟಿಲು ನೋಡಿ “ಸಾರಿ, ನಿಮ್ಮ ನೆಲ ಗಲೀಜು ಮಾಡ್ದೆ” ಅಂದ. ಆಗ ಡ್ರಾಯರ್ ತೆಗೆದೆ.

ನನಗೆ ಬೇಕಾದದ್ದು ಇಷ್ಟೇ. ಇದರ ಜೊತೆ ಇಟ್ಟಿರುವ ನಮೂನೆಯಲ್ಲಿ ಅವತ್ತು ನೀನು ಕಣ್ಣಾರೆ ಕಂಡದ್ದನ್ನು ಬರೆ. ಆ ವರದಿಯಲ್ಲಿ ‘ಇಲ್ಲ’ ಎಂದು ಬರೆದವನು ನಾನೇ, ಅದು ಸುಳ್ಳು ಎಂದು ಬರೆ. ನಿನ್ನ ಬಾಯಲ್ಲಿ ಕಥೆ ಕೇಳಿದ್ದೇನೆ ಎಂದು ನಾನು ಹೇಳಬಹುದು, ಹೇಳಿಯೂ ಹೇಳುತ್ತೇನೆ, ಆದರೆ ಕೇಳಿದವಳ ಮಾತಿಗೆ ಅಲ್ಲಿ ತೂಕವಿಲ್ಲ. ಏಪ್ರಿಲ್ ಎರಡಕ್ಕೆ ನ್ಯಾಯಾಧೀಶರ ಮುಂದೆ ವಿಚಾರಣೆ. ಇದೇ ಕೊನೆಯ ಬಾಗಿಲು ಎಂದುಕೋ. ಇನ್ನೊಂದು ಸುತ್ತು ಹಾಕಲು ವರ್ಷಗಳು ಬೇಕು, ಆ ಕಾಲಿಗೆ ಅಷ್ಟು ಸಮಯವಿಲ್ಲ. ಇಪ್ಪತ್ತೆಂಟು ವರ್ಷದ ಹಿಂದಿನ ಸಹಿಗೆ ನಿನ್ನನ್ನು ಯಾರೂ ಹಿಡಿಯುವುದಿಲ್ಲ, ಒಬ್ಬ ವಕೀಲರನ್ನು ಕೇಳಿ ನೋಡಿದ್ದೇನೆ. ನೀನು ಕಳೆದುಕೊಳ್ಳುವುದು ಊಟದ ಮೇಜಿನಲ್ಲಿ ಹೇಳುವ ಒಂದು ಕಥೆಯನ್ನು ಮಾತ್ರ.

ಉತ್ತರ ನನಗೆ ಬರೆಯಬೇಡ. ನಮೂನೆ ತುಂಬಿ ಕಳಿಸು.

ಇನ್ನೂ ಕಾಗದದಲ್ಲಿ ಮಾತ್ರ ನಿನ್ನ ಹೆಂಡತಿಯಾಗಿರುವ,
ಆರ್ಡಿಸ್

ಮತ್ತೊಂದು ಮಾತು: ಲಕೋಟೆ ಅಂಟಿಸುವ ಮೊದಲು ಮೈರನ್ ಬಂದಿದ್ದ, ಹಣೆಗೆ ಪಟ್ಟಿ ಕಟ್ಟಿಕೊಂಡು. ಕಚೇರಿಯಲ್ಲಿ ನನಗಿರುವುದು ತವರಿನ ಹೆಸರಾದ್ದರಿಂದ ನಾನು ಯಾರ ಹೆಂಡತಿ ಎಂದು ಅವನಿಗೆ ಗೊತ್ತಿಲ್ಲ. ನಿಮ್ಮ ಸಾರ್ಜೆಂಟ್ ಸಿಕ್ಕಿದ್ದಾರೆ, ಬರೆಯುತ್ತಿದ್ದೇನೆ ಎಂದೆ. ಮುಖ ಸಣ್ಣದು ಮಾಡಿಕೊಂಡ. “ಬೇಡ ಮೇಡಂ, ಅವ್ರಿಗೆ ತೊಂದ್ರೆ ಕೊಡ್ಬೇಡಿ. ಆ ಕಬ್ಬಿಣ ನನ್ನ ಮೇಲಿಂದ ಎತ್ತಿದ್ದು ಅವ್ರೇ. ನಂಗೆ ನಿಲ್ಲೋಕೇ ಆಗ್ಲಿಲ್ಲ, ನಾವು ಮಲಗೋ ಡೇರೆ ತನಕ ಬೆನ್ನ ಮೇಲೆ ಹೊತ್ಕೊಂಡು ಹೋದ್ರು. ರಾತ್ರಿಯೆಲ್ಲ ಪಕ್ಕದಲ್ಲೇ ಕೂತಿದ್ರು, ಕಾಲಿನ ಬೆರಳು ಆಡ್ಸು, ಆಡ್ಸು ಅಂತ ಗಂಟೆಗೊಂದ್ಸಲ ಎಬ್ಬಿಸ್ತಿದ್ರು” ಅಂದ. ಇಪ್ಪತ್ತು ವರ್ಷ ನೀನು ಹೇಳಿದ ಕಥೆಯಲ್ಲಿ ಅವನು ತಾನೇ ಎದ್ದು ಊಟಕ್ಕೆ ಹೋಗುತ್ತಾನೆ. ನಿನ್ನ ಜೀವನದಲ್ಲಿ ನೀನು ಮಾಡಿದ ಅತಿ ಒಳ್ಳೆಯ ಕೆಲಸವನ್ನು ಹೆಂಡತಿಗೂ ಹೇಳದೆ ಬಚ್ಚಿಟ್ಟೆ, ಯಾಕೆಂದರೆ ಅದನ್ನು ಹೇಳಿದರೆ ಅವನಿಗೆ ಎಷ್ಟು ಪೆಟ್ಟಾಗಿತ್ತೆಂದು ನಿನಗೆ ಗೊತ್ತಿತ್ತು ಎನ್ನುವುದೂ ಹೇಳಿದಂತಾಗುತ್ತದೆ. ನಮೂನೆಯಲ್ಲಿ ಆ ರಾತ್ರಿಯಿಂದಲೇ ಶುರುಮಾಡು.